ಹರಿದ ಕಾಮಿಕ್ಸ್ ಹುಡುಕಿಕೊಂಡು ಹೋದ ಕತ್ತರಿ ಮಾಮ

ನಾನು ಇಪ್ಪತ್ತೆರಡು ವರ್ಷಗಳಿಂದ ಒಬ್ಬರಿಗೇ ತಲೆ ಕೊಡುತ್ತಾ ಬಂದಿದ್ದೇನೆ. ಅವರನ್ನು ಎಲ್ಲರೂ ಕತ್ತರಿ ಮಾಮ ಅನ್ನುತ್ತಾರೆ. ಮೊದಲು ಅದು ಮಕ್ಕಳು ಕರೆಯುತ್ತಿದ್ದ ಹೆಸರು. ಆ ಮಕ್ಕಳಿಗೆ ಮೀಸೆ ಬಂದು, ಮದುವೆಯಾಗಿ, ತಮ್ಮ ಮಕ್ಕಳ ಕೈ ಹಿಡಿದುಕೊಂಡು ಅದೇ ಅಂಗಡಿಗೆ ಬರುವ ಹೊತ್ತಿಗೆ ಅವರಿಗೆ ಬೇರೊಂದು ಹೆಸರಿತ್ತು ಅನ್ನೋದೇ ಎಲ್ಲರಿಗೂ ಮರೆತುಹೋಗಿತ್ತು. ಈಗ ಅವರಿಗೆ ಐವತ್ತೆಂಟು. ತೆಳ್ಳಗಿನ ಆಳು, ಉದ್ದ ಬೆರಳು. ಅವರ ತಲೆಯ ಮೇಲೆ ಮಾತ್ರ ಕತ್ತರಿಸುವುದಕ್ಕೆ ಹೆಚ್ಚೇನೂ ಉಳಿದಿಲ್ಲ. ಯಾರಾದರೂ ಆ ಮಾತೆತ್ತಿದರೆ, "ಊರವರ ಕೂದಲು ನೋಡ್ಕೊಳ್ಳೋದ್ರಲ್ಲಿ ನನ್ನದನ್ನ ನೋಡ್ಕೊಳ್ಳೋಕೆ ಪುರುಸೊತ್ತಾಗ್ಲಿಲ್ಲ" ಅನ್ನುತ್ತಾರೆ.

ಅಂಗಡಿ ನಾಲ್ಕು ಮಹಡಿಯ ಹಳೆಯ ಕಟ್ಟಡವೊಂದರ ಕೆಳಗಿದೆ. ಒಂದು ಪಕ್ಕ ಬೀಗದ ಕೈ ಮಾಡುವವನು, ಇನ್ನೊಂದು ಪಕ್ಕ ಯಾವತ್ತೋ ಮುಚ್ಚಿದ ಫೋಟೋ ಸ್ಟುಡಿಯೋ. ಒಳಗೆ ಎರಡು ಕುರ್ಚಿ. ಅದರಲ್ಲಿ ಮೇಲೆ ಕೆಳಗೆ ಆಗುವುದು ಒಂದೇ. ಮೂಲೆಯಲ್ಲಿ ರಸ ಹೋದ ಉದ್ದದ ಕನ್ನಡಿ. ಗೋಡೆಗೊರಗಿಸಿದ, ಐದು ಜನ ಕೂರಬಹುದಾದ ಮರದ ಬೆಂಚು. ಆ ಬೆಂಚಿನ ತುದಿಯಲ್ಲಿ ಮೊಣಕಾಲೆತ್ತರಕ್ಕೆ ಪೇರಿಸಿಟ್ಟ ಹಳೆಯ ಕಾಮಿಕ್ಸ್ ಪುಸ್ತಕಗಳು. ಯಾವುದನ್ನು ಬಿಡಿಸಿದರೂ ಪುಟಗಳ ಸಂದಿನಿಂದ ಯಾರದೋ ಕೂದಲು ಉದುರುತ್ತಿತ್ತು. ಕರಿದು, ಕೆಂಚು, ಬಿಳಿದು, ಎಲ್ಲ ಬಣ್ಣದ್ದೂ.

ಅಂಗಡಿ ಹಾಕಿದ್ದು ಮಾಮನ ಅಪ್ಪ. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಒಮ್ಮೆ ಊರೂರು ತಿರುಗುವ ಮಾರಾಟಗಾರನೊಬ್ಬ ಕಟಿಂಗ್ ಮಾಡಿಸಿಕೊಂಡು ಹೋಗುವಾಗ ಬೆಂಚಿನ ಮೇಲೆ ಒಂದು ಕಾಮಿಕ್ಸ್ ಮರೆತು ಹೋದನಂತೆ. ಅದೇ ಹೊತ್ತಿಗೆ ಕುರ್ಚಿಯ ಮೇಲಿದ್ದ ಮಗುವೊಂದು ಕತ್ತರಿ ಸದ್ದು ಕೇಳಿ ಕಟ್ಟಡ ಹಾರಿಹೋಗುವ ಹಾಗೆ ಅಳುತ್ತಿತ್ತು. ಅಪ್ಪ ಆ ಪುಸ್ತಕ ತೆಗೆದು ಮಗುವಿನ ತೊಡೆಯ ಮೇಲಿಟ್ಟು, ಚಿತ್ರ ತೋರಿಸುತ್ತಾ ಬಾಯಿಗೆ ಬಂದ ಕಥೆ ಹೇಳತೊಡಗಿದರು. ಮಗು ಅಳು ನಿಲ್ಲಿಸಿತು. ಮಾರನೇ ವಾರವೇ ಅವರು ರದ್ದಿ ಅಂಗಡಿಗೆ ಹೋಗಿ, ಒಂದು ಕಟ್ಟು ಕಾಮಿಕ್ಸ್ ತೂಕ ಹಾಕಿಸಿಕೊಂಡು ಬಂದರು. ಕಟ್ಟಿನಲ್ಲಿದ್ದದ್ದು ಹೆಚ್ಚಾಗಿ 'ಬಲೂನು ಪತ್ತೇದಾರ'ನ ಸಂಚಿಕೆಗಳು. ಎರಡು ಕಡೆ ಸುರುಳಿ ಸುತ್ತಿದ ದಪ್ಪ ಮೀಸೆಯ ಪತ್ತೇದಾರನೊಬ್ಬ ದೊಡ್ಡ ಬಲೂನಿನ ಬುಟ್ಟಿಯಲ್ಲಿ ಕೂತು ಊರೂರಿಗೆ ಹೋಗಿ ಕಳ್ಳರನ್ನು ಹಿಡಿಯುತ್ತಾನೆ. ಜೊತೆಗೆ ಒಬ್ಬ ಅಡುಗೆಯವನು. ಎತ್ತರ ಅಂದರೆ ಪ್ರಾಣಭಯ ಅವನಿಗೆ, ಯಾವಾಗಲೂ ಕಣ್ಣು ಮುಚ್ಚಿಕೊಂಡೇ ಇರುತ್ತಾನೆ.

"ತಲೆ ಅಲ್ಲಾಡಿಸಿದ್ರೆ ಬಲೂನು ಕೆಳಗೆ ಬೀಳುತ್ತೆ ನೋಡು" ಅಂತ ಅಪ್ಪ ಶುರು ಮಾಡಿದರೆ ಮುಗಿಯಿತು, ಕುರ್ಚಿಯಲ್ಲಿದ್ದ ಮಗು ಉಸಿರನ್ನೂ ಎಣಿಸಿ ಬಿಡುತ್ತಿತ್ತಂತೆ.

ಮಾಮ ಅಕ್ಷರ ಕಲಿತದ್ದು ಆ ಬೆಂಚಿನ ಮೇಲೆ. ಕೂಡಿಸಿ ಓದಲು ಬಂದ ದಿನವೇ ಅವರಿಗೊಂದು ವಿಷಯ ಗೊತ್ತಾಯಿತು. ಅಪ್ಪ ಹೇಳುವುದಕ್ಕೂ ಪುಸ್ತಕದಲ್ಲಿ ಇರುವುದಕ್ಕೂ ಸಂಬಂಧವೇ ಇರಲಿಲ್ಲ.

"ಅಪ್ಪ, ಇದರಲ್ಲಿ ಹಾಗೆ ಬರೆದಿಲ್ಲ."

"ಬರೆದವರಿಗೆ ಏನೋ ಅವಸರ ಇತ್ತು ಅನ್ಸುತ್ತೆ, ಬಿಡು" ಅಂದರಂತೆ ಅಪ್ಪ, ಕತ್ತರಿ ನಿಲ್ಲಿಸದೆ.

ಒಂದು ಸಂಚಿಕೆಯ ವಿಷಯದಲ್ಲಿ ಮಾತ್ರ ಯಾವುದು ಪುಸ್ತಕದ್ದು, ಯಾವುದು ಅಪ್ಪನದು ಎಂದು ಹೋಲಿಸಿ ನೋಡಲು ಆಗಲಿಲ್ಲ. 'ಮಂಜಿನ ಊರು' ಅಂತ ಅದರ ಹೆಸರು. ರದ್ದಿ ಅಂಗಡಿಯಿಂದ ಬರುವಾಗಲೇ ಅದರ ಕೊನೆಯ ನಾಲ್ಕು ಪುಟ ಕಿತ್ತುಹೋಗಿದ್ದವು. ಅಪ್ಪ ಹೇಳುತ್ತಿದ್ದ ಕೊನೆಯೇ ಅದಕ್ಕಿದ್ದ ಕೊನೆ. ನಿಜವಾಗಿ ಏನಾಯಿತು ಅನ್ನುವ ಕುತೂಹಲ ಮಾಮನಿಗೆ ಐವತ್ತು ವರ್ಷ ಹಾಗೇ ಉಳಿದುಬಿಟ್ಟಿತ್ತು.

ಹೋದ ವರ್ಷ ಒಂದು ಮಂಗಳವಾರ, ಅಂಗಡಿಗೆ ವಾರದ ರಜೆ ಇದ್ದಾಗ, ಮೇಲಿನ ಮನೆಯವರ ಬಟ್ಟೆ ಒಗೆಯುವ ಮೆಷಿನ್ನಿನ ಪೈಪು ಕಿತ್ತುಕೊಂಡಿತು. ಅವರೂ ಮನೆಯಲ್ಲಿರಲಿಲ್ಲ. ನೀರು ದಿನವಿಡೀ ಚಾವಣಿಯಿಂದ ತೊಟ್ಟಿಕ್ಕಿದೆ, ಅದೂ ಸರಿಯಾಗಿ ಬೆಂಚಿನ ತುದಿಗೆ. ಬುಧವಾರ ಬೆಳಿಗ್ಗೆ ಮಾಮ ಬಾಗಿಲು ಎತ್ತಿದಾಗ ಅಷ್ಟೂ ಪುಸ್ತಕ ಒಂದೇ ಮುದ್ದೆಯಾಗಿ, ಕಲಸಿಟ್ಟ ಹಿಟ್ಟಿನ ಹಾಗೆ ಕೂತಿತ್ತು. ಎರಡು ದಿನ ಅವರು ಅಂಗಡಿಯೊಳಗೆ ಹಗ್ಗ ಕಟ್ಟಿ, ಕ್ಲಿಪ್ಪು ಹಾಕಿ ಪುಟ ಒಣಗಿಸಿದರು. ನಾನು ಹೋದಾಗ ನನ್ನ ಕಿವಿಯ ಪಕ್ಕದಲ್ಲೇ ಬಲೂನು ಪತ್ತೇದಾರ ತಲೆಕೆಳಗಾಗಿ ನೇತಾಡುತ್ತಿದ್ದ. ಒಣಗಿದ ಮೇಲೆ ಹಪ್ಪಳದ ಹಾಗೆ ಪುಡಿಯಾದವೇ ಹೊರತು ಒಂದೂ ಬಿಡಿಸಲು ಬರಲಿಲ್ಲ.

ಬೆಂಚಿನ ತುದಿ ಖಾಲಿಯಾಯಿತು. ಮಕ್ಕಳು ಅಮ್ಮಂದಿರ ಫೋನು ಹಿಡಿದು ಕೂರತೊಡಗಿದರು. ಕುರ್ಚಿಯ ಮೇಲೆ ಕೂತರೂ ಕತ್ತು ಬಗ್ಗಿಸಿ ಫೋನಿನಲ್ಲೇ. ಹಿಂದಲೆ ಸಿಗುತ್ತಿತ್ತು, ಮುಂದಲೆ ಸಿಗುತ್ತಿರಲಿಲ್ಲ. ಫೋನು ಕಿತ್ತುಕೊಂಡರೆ ಅಳು. ಮಾಮ ಕಥೆ ಹೇಳಲು ನೋಡಿದರು. ಚಿತ್ರವಿಲ್ಲದೆ ಅವರಿಗೆ ಕಥೆ ಬಾಯಿಗೇ ಬರುತ್ತಿರಲಿಲ್ಲ.

ಮಾಮನ ಹೆಂಡತಿ ಔಷಧದ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ದುಂಡು ಮುಖ, ಗಟ್ಟಿ ದನಿ. ಎಂಥ ಡಾಕ್ಟರ ಬರವಣಿಗೆಯನ್ನೂ ಒಂದೇ ನೋಟಕ್ಕೆ ಓದಬಲ್ಲವರು. ಒಂದು ಸಂಜೆ ಅವರು ಒಂದು ಬಣ್ಣದ ಕಾಗದ ತಂದು ಗಂಡನ ತಟ್ಟೆಯ ಪಕ್ಕದಲ್ಲಿಟ್ಟರು. ಯಾರೋ ಔಷಧದ ಅಂಗಡಿಯ ಗಾಜಿಗೆ ಅಂಟಿಸಿ ಹೋಗಿದ್ದ ಜಾಹೀರಾತು ಅದು. ಕಾಮಿಕ್ಸ್ ಅಭಿಮಾನಿಗಳ ಮೇಳ, ಹಳೆಯ ಸಂಚಿಕೆಗಳ ಮಾರಾಟ, ವೇಷದ ಸ್ಪರ್ಧೆ, ಭಾನುವಾರ.

"ಭಾನುವಾರ ಹೇಗೆ ಹೋಗೋಕಾಗುತ್ತೆ? ಜನ ಬರೋದೇ ಭಾನುವಾರ."

"ಮೂವತ್ತೈದು ವರ್ಷದಲ್ಲಿ ಒಂದು ಭಾನುವಾರ ಮುಚ್ಚಿದ್ರೆ ಜನ ಜಡೆ ಬಿಟ್ಕೊಂಡು ಓಡಾಡಲ್ಲ. ನಾನೂ ಬರ್ತೀನಿ ರೀ. ನೀವು ಮುಖ ಸಣ್ಣದು ಮಾಡ್ಕೊಂಡು ಕೂತಿರೋದನ್ನ ನೋಡಿ ನೋಡಿ ಸಾಕಾಗಿದೆ."

ಆ ಭಾನುವಾರ ನಾನೂ ಹೋಗಿ ಬಾಗಿಲು ನೋಡಿಕೊಂಡು ವಾಪಸು ಬಂದವನೇ. 'ಇವತ್ತು ಅಂಗಡಿ ಇಲ್ಲ, ಪುಸ್ತಕ ತರಲು ಹೋಗಿದ್ದೇವೆ' ಅಂತ ಒಂದು ರಟ್ಟು ನೇತು ಹಾಕಿದ್ದರು. ಮುಂದಿನದನ್ನು ನಾನು ಇಬ್ಬರ ಬಾಯಿಂದಲೂ ಕೇಳಿದ್ದೇನೆ. ಎಲ್ಲಿ ಇಬ್ಬರ ಮಾತು ಕೂಡಲಿಲ್ಲವೋ ಅಲ್ಲಿ ಹೆಂಡತಿ ಹೇಳಿದ್ದನ್ನು ಇಟ್ಟುಕೊಂಡಿದ್ದೇನೆ. ಅವರ ನೆನಪು ಗಟ್ಟಿ.

ಬಸ್ಸಿನಲ್ಲೇ ಮೇಳ ಶುರುವಾಗಿತ್ತಂತೆ. ಒಬ್ಬಳ ಬೆನ್ನಿಗೆ ರಟ್ಟಿನ ರೆಕ್ಕೆ, ಬಾಗಿಲಲ್ಲಿ ತೂರುತ್ತಿಲ್ಲ. ಕಂಡಕ್ಟರು, "ರೆಕ್ಕೆ ಇದ್ದ ಮೇಲೆ ಬಸ್ಸು ಯಾಕಮ್ಮ?" ಅಂದರೆ ಬಸ್ಸೆಲ್ಲ ನಕ್ಕಿತು. ಮಾಮನ ಹೆಂಡತಿಯ ಪಕ್ಕದಲ್ಲಿ ಕೂತದ್ದು ಒಂದು ನರಿ. ಅದರ ಬಾಲವನ್ನು ದಾರಿಯುದ್ದಕ್ಕೂ ಇವರೇ ತೊಡೆಯ ಮೇಲೆ ಇಟ್ಟುಕೊಂಡಿದ್ದರು, ಯಾರೂ ತುಳಿಯದಿರಲಿ ಅಂತ.

ಮೇಳ ನಡೆಯುತ್ತಿದ್ದದ್ದು ರೈಲ್ವೆ ಗೋದಾಮಿನಷ್ಟು ಎತ್ತರದ ಸಭಾಂಗಣದಲ್ಲಿ. ಸಾಲು ಸಾಲು ಮೇಜು, ಮೇಜಿನ ಮೇಲೆ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಒತ್ತಾಗಿ ನಿಲ್ಲಿಸಿದ ಕಾಮಿಕ್ಸು. ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಕೆ. ಮಾಮನಿಗೆ ಕಾಲೇ ನೆಲದ ಮೇಲೆ ನಿಲ್ಲಲಿಲ್ಲ. ಮೊದಲ ಮೇಜಿನಲ್ಲೇ ಬಲೂನು ಪತ್ತೇದಾರನ ಇಡೀ ಒಂದು ಪೆಟ್ಟಿಗೆ ಇತ್ತು. ಬೆರಳಾಡಿಸುತ್ತಾ ಹೋದರು. ಮಧ್ಯದಲ್ಲಿ ನಿಂತಿತ್ತು 'ಮಂಜಿನ ಊರು'. ಮುಖಪುಟದ ನೀಲಿ ಬಣ್ಣ ನಿನ್ನೆ ಮೊನ್ನೆ ಅಚ್ಚಾದ ಹಾಗಿತ್ತು. ಮಾಮ ಅದನ್ನೆತ್ತಿ, ಹೊದಿಕೆಯ ಅಂಟುಪಟ್ಟಿಗೆ ಉಗುರು ಹಾಕಿದರು.

"ಸಾರ್, ಏನು ಮಾಡ್ತಿದೀರಾ?"

ಮೇಜಿನ ಹಿಂದಿನಿಂದ ಎದ್ದವನು ಅದರ ಮಾಲೀಕ. ನಲವತ್ತು ದಾಟಿದ, ಎದೆಯವರೆಗೆ ಗಡ್ಡ ಬಿಟ್ಟ, ಕೈಗೆ ಬಿಳಿ ಗ್ಲೌಸು ಹಾಕಿಕೊಂಡ ಮನುಷ್ಯ. ಆಪರೇಷನ್ನಿಗೆ ಹೊರಟ ಹಾಗಿದ್ದ ಅನ್ನುತ್ತಾರೆ ಮಾಮನ ಹೆಂಡತಿ.

"ಕೊನೇ ಪುಟ ನೋಡ್ಬೇಕಿತ್ತು" ಅಂದರು ಮಾಮ.

"ಬಿಡಿಸಬಾರದು ಸಾರ್. ಬೆನ್ನು ಮುರಿಯುತ್ತೆ. ಪಿನ್ನು ನೋಡಿ, ಒಂಚೂರೂ ತುಕ್ಕಿಲ್ಲ. ಮೂಲೆ ನೋಡಿ. ಇಂಥದ್ದು ಎರಡು ಮೂರು ಉಳಿದಿದ್ರೆ ಹೆಚ್ಚು."

"ಮತ್ತೆ ಓದೋದು ಹೇಗೆ?"

ಅವನು ಮಾಮನನ್ನು ಮೇಲಿಂದ ಕೆಳಗೆ ನೋಡಿದ. "ಓದೋಕೆ ತಗೊಳ್ತೀರಾ?"

"ಕಟಿಂಗ್ ಶಾಪಿನ ಬೆಂಚಿಗೆ. ಮಕ್ಕಳಿಗೆ."

ಗ್ಲೌಸಿನವನು ಆ ಸಂಚಿಕೆಯನ್ನು ಮಾಮನ ಕೈಯಿಂದ ಎಷ್ಟು ಮೆಲ್ಲಗೆ ಬಿಡಿಸಿಕೊಂಡನೆಂದರೆ, ಮಲಗಿದ್ದ ಕೂಸನ್ನು ಎತ್ತಿಕೊಂಡ ಹಾಗೆ. ಆಮೇಲೆ ಬೆಲೆ ಹೇಳಿದ. ಮಾಮ ಬಿಸಿ ಪಾತ್ರೆ ತಾಗಿದವರ ಹಾಗೆ ಕೈ ಹಿಂದೆ ತೆಗೆದುಕೊಂಡರು.

"ಹರಿದದ್ದು, ಮುಕ್ಕಾದದ್ದು ಇಲ್ವೇನಪ್ಪ?" ಅಂತ ಕೇಳಿದರು ಹೆಂಡತಿ.

"ಅಂಥದ್ದು ನಾವು ಇಡಲ್ಲ ಅಮ್ಮ. ಕೊನೇ ಸಾಲಿಗೆ ಹೋಗಿ, ಬಾತ್‌ರೂಮಿನ ಪಕ್ಕ. ಅಲ್ಲಿ ಒಬ್ಬರು ಅಜ್ಜಿ ಇದಾರೆ."

ಕೊನೆಯ ಸಾಲಿನಲ್ಲಿ ಮೇಜಿನ ಮೇಲಿದ್ದದ್ದಕ್ಕಿಂತ ಮೇಜಿನ ಕೆಳಗೇ ಹೆಚ್ಚು ಪೆಟ್ಟಿಗೆಗಳಿದ್ದವು. ಸಾಬೂನು, ಬಿಸ್ಕತ್ತು, ಬಲ್ಬಿನ ಖಾಲಿ ಪೆಟ್ಟಿಗೆಗಳ ತುಂಬ ಕಾಮಿಕ್ಸು. ಹಿಂದೆ ಒಬ್ಬ ಮುದುಕಿ ಸ್ವೆಟರ್ ಹೆಣೆಯುತ್ತಾ ಕೂತಿದ್ದರು. ಇಡೀ ಆಯುಷ್ಯ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಪ್ರಯಾಣಿಕರು ಸೀಟಿನ ಮೇಲೆ ಬಿಟ್ಟುಹೋದ ಪುಸ್ತಕಗಳನ್ನು ಕೇಳುವವರಿಲ್ಲದಾಗ ತಂದು ಕೂಡಿಟ್ಟವರು. ಈಗಲೂ ಅವರು ತಲೆಯೆತ್ತಿ ನೋಡಿದರೆ ಟಿಕೆಟ್ ತೋರಿಸಬೇಕು ಅನ್ನಿಸುತ್ತಿತ್ತಂತೆ.

"ಯಾರಿಗೆ?" ಅಂದರು ಅಜ್ಜಿ.

ಮಾಮ ಹೇಳಿದರು. ಬೆಂಚು, ಮಕ್ಕಳು, ಮೇಲಿನ ಮನೆಯ ಪೈಪು, ಎಲ್ಲ.

"ಕೈ ತೊಳ್ಕೊಂಡು ಓದ್ತಾರಾ?"

"ಇಲ್ಲಮ್ಮ. ಮೂಗು ಒರೆಸ್ಕೊಂಡು ಓದ್ತಾರೆ."

ಅಜ್ಜಿ ಹೆಣೆಯುವುದನ್ನು ನಿಲ್ಲಿಸಿ, ಕಾಲಿನಿಂದ ಒಂದು ಪೆಟ್ಟಿಗೆಯನ್ನು ಮುಂದೆ ತಳ್ಳಿದರು. "ನೋಡ್ಕೊಳಪ್ಪ. ಕೂತ್ಕೊಂಡೇ ನೋಡು, ನೆಲ ಚೊಕ್ಕಟ ಇದೆ."

ಗಂಡ ಹೆಂಡತಿ ಇಬ್ಬರೂ ನೆಲದ ಮೇಲೆ ಕೂತುಬಿಟ್ಟರು. ಒಂದರ ಮುಖಪುಟದ ಮೇಲೆ ಯಾವುದೋ ಮಗು ದುಂಡಗೆ ಹೆಸರು ಬರೆದಿತ್ತು. ಇನ್ನೊಂದರಲ್ಲಿ ರಾಣಿಗೆ ಪೆನ್ನಿನಿಂದ ಮೀಸೆ. ಮತ್ತೊಂದರ ಒಳಗೆ ಒಣಗಿದ ಎಲೆ, ಬಸ್ ಟಿಕೆಟ್ಟು, ಜಾಮಿನ ಹೆಬ್ಬೆಟ್ಟು. ಮಾಮ ಒಂದೊಂದನ್ನೂ ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿ, "ಇದು ನಮ್ಮದರ ಹಾಗೇ ಇದೆ ಕಣೇ" ಅನ್ನುತ್ತಿದ್ದರು. ಆದರೆ ಅಜ್ಜಿಯೂ ಎಲ್ಲವನ್ನೂ ಸುಮ್ಮನೆ ಕೊಡುವವರಲ್ಲ, ಇವರ ಜೇಬೂ ಅಷ್ಟೇನೂ ತುಂಬಿರಲಿಲ್ಲ. ಆರಿಸಿ ಆರಿಸಿ ಹನ್ನೆರಡು ಪುಸ್ತಕ ಪಕ್ಕಕ್ಕಿಟ್ಟರು. ಮೊಣಕಾಲೆತ್ತರ ಹೋಗಲಿ, ಪಾದದ ಎತ್ತರಕ್ಕೂ ಬಾರದು.

ಆಗ ಬಾತ್‌ರೂಮಿನ ಬಾಗಿಲು ತೆಗೆದುಕೊಂಡು ಹೊರಗೆ ಬಂದದ್ದು ಸ್ವತಃ ಬಲೂನು ಪತ್ತೇದಾರ.

ಉದ್ದನೆಯ ಕೋಟು, ಚರ್ಮದ ಟೋಪಿ, ಸೊಂಟಕ್ಕೆ ಕಟ್ಟಿಕೊಂಡ ಬುಟ್ಟಿ. ವೇಷದೊಳಗಿದ್ದವಳು ಒಬ್ಬ ಹುಡುಗಿ. ಆರಡಿ ಎತ್ತರ, ಅಗಲ ಭುಜ. ಬಂದರಿನಲ್ಲಿ ಕ್ರೇನ್ ನಡೆಸುವವಳು ಅಂತ ಆಮೇಲೆ ಗೊತ್ತಾಯಿತು. ಆ ಕ್ಷಣಕ್ಕೆ ಮಾತ್ರ ಅವಳ ಕಣ್ಣು ತುಂಬಿಕೊಂಡಿತ್ತು. ಮೀಸೆ ಅರ್ಧ ಕಳಚಿ ಗಲ್ಲಕ್ಕೆ ನೇತಾಡುತ್ತಿತ್ತು.

"ಇನ್ನರ್ಧ ಗಂಟೇಲಿ ಸ್ಟೇಜಿಗೆ ಹೋಗ್ಬೇಕು. ಇದು ನಿಲ್ಲೋದೇ ಇಲ್ಲ" ಅಂದಳು, ಯಾರಿಗೆ ಅಂತಿಲ್ಲದೆ.

ಮಾಮನಿಗೆ ನೋಡಿಕೊಂಡು ಸುಮ್ಮನಿರಲು ಆಗಲಿಲ್ಲ. "ನಿಲ್ಲೋದು ಹೇಗಮ್ಮ, ತಲೆಕೆಳಗಾಗಿ ಅಂಟಿಸಿದೀಯ" ಅಂದರು. "ಅವನ ಮೀಸೆಯ ಸುರುಳಿ ಮೇಲಕ್ಕೆ. ಬಾ ಇಲ್ಲಿ, ಕೂತ್ಕೋ."

ಅಜ್ಜಿ ತಮ್ಮ ಮಡಚುವ ಕುರ್ಚಿ ಬಿಟ್ಟುಕೊಟ್ಟರು. ಮಾಮನ ಅಂಗಿಯ ಜೇಬಿನಲ್ಲಿ ಸಣ್ಣ ಕತ್ತರಿ, ಬಾಚಣಿಗೆ ಯಾವಾಗಲೂ ಇರುತ್ತವೆ. ಹೆಂಡತಿಯ ಕೈಚೀಲದಲ್ಲಿ ಗಾಯಕ್ಕೆ ಹಾಕುವ ಅಂಟುಪಟ್ಟಿ, ಹತ್ತಿ, ಪಿನ್ನು. ಮಾಮ ಮೀಸೆಯನ್ನು ತೆಗೆದು, ಬಾಚಿ, ಎರಡು ಪಕ್ಕ ಸಮ ಮಾಡಿ, ತುಟಿಯ ಮೇಲೆ ಕೂರುವ ಕಡೆ ತೆಳ್ಳಗೆ ಕತ್ತರಿಸಿದರು. ಹೆಂಡತಿ ಅಂಟುಪಟ್ಟಿಯನ್ನು ಕೂದಲೆಳೆಯಷ್ಟು ಸಣ್ಣಗೆ ಸೀಳಿ ಕೊಟ್ಟರು. ಐದು ನಿಮಿಷದಲ್ಲಿ ಪತ್ತೇದಾರ ಪತ್ತೇದಾರನ ಹಾಗೆ ಕಂಡ.

"ಈಗ ನಗು" ಅಂದರು ಮಾಮ.

ಹುಡುಗಿ ನಕ್ಕಳು. ಮೀಸೆ ಅಲ್ಲಾಡಲಿಲ್ಲ.

"ಇನ್ನೂ ಜೋರಾಗಿ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೀಸೆ ಕೂತಲ್ಲೇ ಕೂತಿತ್ತು. ಅವಳ ಹಿಂದೆ ಬಾತ್‌ರೂಮಿನ ಕನ್ನಡಿಗಾಗಿ ಕಾಯುತ್ತಿದ್ದವರು ಇದನ್ನೆಲ್ಲ ನೋಡುತ್ತಿದ್ದರು. ಬೆಳ್ಳಿ ಕೂದಲಿನ ರಾಣಿಯೊಬ್ಬಳು ಮುಂದೆ ಬಂದಳು. ಅವಳ ವಿಗ್ಗಿನ ಮುಂಗೂದಲು ಮೂಗಿನವರೆಗೆ ಇಳಿದು ದಾರಿಯೇ ಕಾಣುತ್ತಿರಲಿಲ್ಲ. ಬೆಳಿಗ್ಗೆಯಿಂದ ಎರಡು ಸಲ ಕಂಬಕ್ಕೆ ಡಿಕ್ಕಿ ಹೊಡೆದಿದ್ದಳು. ಅವಳ ಹಿಂದೆ ಒಂದು ಕಿವಿ ಕಳೆದುಕೊಂಡ ಬಸ್ಸಿನ ನರಿ. ಅದರ ಹಿಂದೆ ಗಡ್ಡ ಬಿಚ್ಚಿಕೊಂಡ ಮಂತ್ರವಾದಿ, ಜಡೆ ಬಿಚ್ಚಿಕೊಂಡ ಯೋಧೆ.

ಮಾಮನ ಹೆಂಡತಿ ಎದ್ದು ನಿಂತು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಔಷಧದ ಅಂಗಡಿಯಲ್ಲಿ ಸಂಜೆ ಆರರ ನೂಕುನುಗ್ಗಲನ್ನು ನಿಭಾಯಿಸಿದವರಿಗೆ ಇದೇನು ಮಹಾ. "ಸಾಲಾಗಿ ನಿಂತ್ಕೊಳ್ಳಿ. ಸ್ಟೇಜಿಗೆ ಹೋಗೋರು ಮೊದಲು. ಏ ರಾಕ್ಷಸ, ಮಧ್ಯ ನುಗ್ಗಬೇಡ, ಹಿಂದೆ ಹೋಗು." ಹಸಿರು ಬಣ್ಣ ಬಳಿದುಕೊಂಡ ಎರಡಾಳೆತ್ತರದ ರಾಕ್ಷಸ, "ಆಯ್ತಮ್ಮ" ಅಂತ ಹಿಂದೆ ಹೋಗಿ ನಿಂತ.

ಎಷ್ಟು ಕೊಡಬೇಕು ಅಂತ ರಾಣಿ ಪರ್ಸು ತೆಗೆದಳು. ಮಾಮ ಬೇಡ ಅಂದರು. ಹೆಂಡತಿ ಮಾತ್ರ ಒಂದು ಕ್ಷಣ ಯೋಚಿಸಿದರು.

"ಹಳೇ ಕಾಮಿಕ್ಸ್ ಇದ್ರೆ ಒಂದು ಕೊಡಿ. ಹರಿದಿದ್ರೂ ಸರಿ. ಇಲ್ದಿದ್ರೆ ಈ ಅಜ್ಜಿ ಹತ್ರ ತಗೊಂಡು ಕೊಡಿ."

ಅಲ್ಲಿಂದ ಮುಂದೆ ಎರಡು ಗಂಟೆ ಮಾಮ ತಲೆಯೆತ್ತಲಿಲ್ಲ. ವಿಗ್ಗಿಗೂ ಒಂದು ಮುಖ ಇರುತ್ತದೆ ಅನ್ನುವುದು ಅವರಿಗೆ ಅವತ್ತು ಗೊತ್ತಾಯಿತಂತೆ. ತಪ್ಪಿ ಕತ್ತರಿಸಿದರೆ ಮತ್ತೆ ಬೆಳೆಯುವುದಿಲ್ಲವಲ್ಲ, ಹಾಗಾಗಿ ಉಸಿರು ಬಿಗಿಹಿಡಿದು ಕೆಲಸ. ಯಾರೋ ಚಹಾ ತಂದುಕೊಟ್ಟರು, ಯಾರೋ ಬನ್ನು. ಅಜ್ಜಿಯ ಪೆಟ್ಟಿಗೆಗಳು ಒಂದೊಂದಾಗಿ ಬರಿದಾದವು. ಅವರು ಹೆಣಿಗೆ ಚೀಲಕ್ಕೆ ತುರುಕಿ, ಮಾರಾಟಕ್ಕೆ ನಿಂತರು. "ಹದಿನೈದು ವರ್ಷದಿಂದ ಈ ಮೂಲೆಗೆ ಬರ್ತಿದೀನಿ, ಬಾತ್‌ರೂಮಿಗೆ ದಾರಿ ಕೇಳೋರು ಬಿಟ್ರೆ ಒಬ್ಬರೂ ನಿಲ್ತಿರ್ಲಿಲ್ಲ" ಅಂತ ಗೊಣಗುತ್ತಲೇ ಇದ್ದರು, ಮುಖ ಮಾತ್ರ ಅರಳಿತ್ತು. ಪತ್ತೇದಾರ ಹುಡುಗಿ ಸ್ಟೇಜಿನಿಂದ ಓಡಿ ಬಂದಳು. ಎರಡನೇ ಬಹುಮಾನ. ಮೊದಲನೆಯದು ರಾಕ್ಷಸನಿಗೆ.

ಜನ ಕರಗುತ್ತಾ ಬಂದಾಗ ಸಾಲಿನ ಕೊನೆಯಲ್ಲಿ ನಿಂತಿದ್ದದ್ದು ಗ್ಲೌಸಿನವನು. ಕೈಯಲ್ಲಿ ಗ್ಲೌಸು ಇರಲಿಲ್ಲ, ಆದರೆ ಕಂಕುಳಲ್ಲಿ ಪ್ಲಾಸ್ಟಿಕ್ ಹೊದಿಕೆಯ ಒಂದು ಸಂಚಿಕೆ ಇತ್ತು.

"ನಂದು ವಿಗ್ಗಲ್ಲ ಸಾರ್, ಸ್ವಂತ ಗಡ್ಡ" ಅಂದ. "ನಾಲ್ಕೂವರೆಗೆ ಸ್ಟೇಜಿನ ಮೇಲೆ ಹಳೇ ಸಂಚಿಕೆಗಳ ಬಗ್ಗೆ ಮಾತಾಡ್ಬೇಕು. ಸ್ವಲ್ಪ ನೋಡ್ಬಹುದಾ?"

"ಕೂತ್ಕೊಳ್ಳಿ."

ಅವನು ಕೂತು, ತಂದದ್ದನ್ನು ತೊಡೆಯ ಮೇಲಿಟ್ಟುಕೊಂಡ. 'ಮಂಜಿನ ಊರು'. "ಇದನ್ನ ಕೊಡೋಕಾಗಲ್ಲ. ಇಲ್ಲೇ ಓದಿ ಕೊಡಿ. ನಾನೇ ಪುಟ ತಿರುಗಿಸ್ತೀನಿ."

ಮಾಮ ಕತ್ತರಿ ಕೆಳಗಿಟ್ಟರು. ಎರಡೂ ಕೈಯನ್ನು ಮೂರು ಸಲ ಅಂಗಿಗೆ ಒರೆಸಿಕೊಂಡರು ಅನ್ನುತ್ತಾರೆ ಹೆಂಡತಿ. ಮಾಮ ಒಪ್ಪುವುದಿಲ್ಲ.

"ನೀವು ಇದನ್ನ ಓದಿದೀರಾ?" ಅಂತ ಮಾಮ ಕೇಳಿದರು.

ಗಡ್ಡದವನು ಹೊದಿಕೆಯ ಮೇಲೆ ಒಮ್ಮೆ ಕೈಯಾಡಿಸಿದ. "ಇಲ್ಲ. ಬಿಡಿಸಿದ್ರೆ ಹಾಳಾಗುತ್ತೆ ಅಂತ. ಒಂಬತ್ತು ವರ್ಷದಿಂದ ನನ್ನ ಹತ್ರಾನೇ ಇದೆ."

ಅವನು ಜೇಬಿನಿಂದ ಗ್ಲೌಸು ತೆಗೆದು ಹಾಕಿಕೊಂಡು ಅಂಟುಪಟ್ಟಿ ಬಿಡಿಸಿದ. ಇಬ್ಬರೂ ತಲೆಗೆ ತಲೆ ತಾಗಿಸಿ ಓದಿದರು. ಯಾವಾಗಲೂ ಮಂಜು ಮುಸುಕಿದ ಒಂದು ಊರು. ಜನ ದಾರಿ ತಪ್ಪದಿರಲಿ ಅಂತ ನಾಲ್ಕು ಗೋಪುರಗಳಲ್ಲಿ ನಾಲ್ಕು ಗಂಟೆ. ಅವು ಒಂದೊಂದಾಗಿ ಕಳುವಾಗುತ್ತವೆ. ಬಲೂನು ಬರುತ್ತದೆ. ಪತ್ತೇದಾರ ಒಂದು ಅಟ್ಟದ ಬಾಗಿಲು ನೂಕಿ, ಲಾಟೀನು ಎತ್ತಿ ಹಿಡಿದು, ಬೆರಗಾಗಿ ನಿಲ್ಲುತ್ತಾನೆ. ಮಾಮ ಐವತ್ತು ವರ್ಷ ಓದಿದ್ದು ಅಲ್ಲಿಯವರೆಗೆ.

"ತಿರುಗಿಸಿ" ಅಂದರು.

ಮುಂದಿನ ಪುಟದಲ್ಲಿ, ಅಟ್ಟದೊಳಗೆ, ಊರಿನ ಮೇಯರ್ ಇದ್ದ. ಸುಳ್ಳು ಗಡ್ಡ ಹಾಕಿಕೊಂಡಿದ್ದ. ಗಂಟೆಗಳ ಒಳಗೆ ಬಂಗಾರ ಅಡಗಿತ್ತಂತೆ. ಪತ್ತೇದಾರ ಅವನಿಗೊಂದು ಗುದ್ದು ಕೊಟ್ಟ. ಅಡುಗೆಯವನು ಜಾರಿ ಸೂಪಿನ ಪಾತ್ರೆಯಲ್ಲಿ ಬಿದ್ದ. ಕಥೆ ಮುಗಿಯಿತು. ಕೊನೆಯ ಪುಟದ ಅರ್ಧ ಭಾಗ ಕೂದಲೆಣ್ಣೆಯ ಜಾಹೀರಾತು.

ಮಾಮ ಆ ಪುಟವನ್ನು ನೋಡುತ್ತಾ ಕೂತರು. ಆಮೇಲೆ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೇನೋ ಅಂತ ಹೆಂಡತಿ ಹತ್ತಿರ ಬಂದರೆ, ನಗು. ಕಣ್ಣಲ್ಲಿ ನೀರು ಬರುವಷ್ಟು ನಗು.

"ಇಷ್ಟೇನಾ? ಅಯ್ಯೋ, ಇಷ್ಟೇನಾ? ನಮ್ಮಪ್ಪ ಹೇಳಿದ್ದು ಸರಿ ಕಣೇ, ಬರೆದವರಿಗೆ ಅವಸರ ಇತ್ತು."

"ನಿಮ್ಮಪ್ಪ ಏನು ಹೇಳ್ತಿದ್ರು?" ಅಂತ ಕೇಳಿದ ಗಡ್ಡದವನು.

ಮಾಮ ಕತ್ತರಿ ಎತ್ತಿಕೊಂಡರು. ಗಡ್ಡಕ್ಕೆ ಬಾಚಣಿಗೆ ಹಾಕಿ, "ತಲೆ ಅಲ್ಲಾಡಿಸಿದ್ರೆ ಬಲೂನು ಕೆಳಗೆ ಬೀಳುತ್ತೆ ನೋಡಿ" ಅಂತ ಶುರು ಮಾಡಿದರು.

ಅಟ್ಟದೊಳಗೆ ಕೂತಿದ್ದವನು ಆ ಊರಿನ ಗಂಟೆ ಬಾರಿಸುವ ಮುದುಕ. ಬದುಕೆಲ್ಲ ಊರಿಗಾಗಿ ಗಂಟೆ ಬಾರಿಸಿ, ಈಗ ಅವನ ಕಿವಿ ಮಂದವಾಗಿದೆ. ತನ್ನ ಗಂಟೆ ತನಗೇ ಕೇಳಿಸುತ್ತಿಲ್ಲ. ಅದಕ್ಕೇ ಒಂದೊಂದನ್ನೂ ಮನೆಗೆ ತಂದು, ಕಂಚಿಗೆ ಕೆನ್ನೆ ಒತ್ತಿಕೊಂಡು ಮೆಲ್ಲಗೆ ಬಡಿದು ನೋಡುತ್ತಿದ್ದಾನೆ. ಪತ್ತೇದಾರ ಅವನಿಗೆ ಕೋಳ ಹಾಕಲಿಲ್ಲ. ಪಕ್ಕದಲ್ಲಿ ಕೂತುಕೊಂಡ. ಆಮೇಲೆ ನಾಲ್ಕೂ ಗಂಟೆಗಳನ್ನು ಬಲೂನಿನ ಬುಟ್ಟಿಯ ಕೆಳಗೆ ಕಟ್ಟಿ, ಮುದುಕನನ್ನು ಹತ್ತಿಸಿಕೊಂಡು ಮೇಲೆ ಹೋದ. ಗಾಳಿಗೆ ನಾಲ್ಕೂ ಒಟ್ಟಿಗೆ ಮೊಳಗಿದವು. ಆ ಕಂಪನ ಬುಟ್ಟಿಯಿಂದ ಮುದುಕನ ಪಾದಕ್ಕೆ, ಪಾದದಿಂದ ಎದೆಗೆ ಹತ್ತಿತು. ಕೆಳಗೆ ಜನ ಸದ್ದು ಬಂದ ಕಡೆಗೆ ನಡೆಯುತ್ತಾ ನಡೆಯುತ್ತಾ, ಮಂಜು ದಾಟಿ, ಬಿಸಿಲು ಬಿದ್ದ ಗುಡ್ಡದ ಮೇಲೆ ಬಂದು ನಿಂತರು. ಅದನ್ನು ನೋಡಲು ಅಡುಗೆಯವನು ಜೀವಮಾನದಲ್ಲಿ ಮೊದಲ ಸಲ ಕಣ್ಣು ಬಿಟ್ಟ.

"ಆಯ್ತು, ಇಳೀರಿ" ಅಂದರು ಮಾಮ. ಅವರಪ್ಪ ಹಾಗೇ ಮುಗಿಸುತ್ತಿದ್ದದ್ದು.

ಸುತ್ತ ನೋಡಿದರೆ ರಾಣಿ, ನರಿ, ರಾಕ್ಷಸ, ಪತ್ತೇದಾರ ಎಲ್ಲರೂ ನೆಲದ ಮೇಲೆ ಕೂತಿದ್ದರು. ಅಜ್ಜಿ ಕನ್ನಡಕ ತೆಗೆದು ಒರೆಸಿಕೊಂಡರು. ಗಡ್ಡದವನು ತಲೆ ಅಲ್ಲಾಡಿಸದೆ ಹಾಗೇ ಕೂತಿದ್ದ. ಆಮೇಲೆ ಅಜ್ಜಿ ಕೊನೆಯ ಪೆಟ್ಟಿಗೆಯ ತಳಕ್ಕೆ ಕೈ ಹಾಕಿ, ಮುಖಪುಟವಿಲ್ಲದ, ತುದಿಯೆಲ್ಲ ಸವೆದ ಒಂದು 'ಮಂಜಿನ ಊರು' ತೆಗೆದು ಮಾಮನ ಕೈಗಿಟ್ಟರು.

"ಕೊನೇ ಪುಟ ಸರಿಯಾಗಿದೆ, ಜಾಹೀರಾತೂ ಇದೆ. ಬೇಡದಿದ್ರೆ ಹರಿದು ಬಿಸಾಕು."

ಮಾಮ ಹರಿಯಲಿಲ್ಲ. ಮಕ್ಕಳು ತಾವೇ ಓದಿ, ಬಂದು ಜಗಳ ಆಡಲಿ ಅಂತ.

ಮರಳಿ ಬರುವಾಗ ಮೂರು ದೊಡ್ಡ ಚೀಲ. ಪತ್ತೇದಾರ ಹುಡುಗಿ ಎರಡನ್ನು ಎರಡು ಕೈಯಲ್ಲಿ ಹತ್ತಿಯಂತೆ ಎತ್ತಿಕೊಂಡು ಬಂದು ಬಸ್ಸಿಗೆ ಹಾಕಿಕೊಟ್ಟಳು. ಮೀಸೆ ಆಗಲೂ ಹಾಗೇ ಇತ್ತು. ಅದನ್ನು ಕೀಳಲು ಮನೆಯಲ್ಲಿ ಬಿಸಿ ನೀರು, ಎಣ್ಣೆ ಎರಡೂ ಬೇಕಾಯಿತು ಅಂತ ಮುಂದಿನ ವಾರ ಅಂಗಡಿಗೆ ಬಂದಾಗ ಹೇಳಿದಳು.

ಈಗ ಮಂಗಳವಾರವೂ ಅಂಗಡಿಯ ಬಾಗಿಲು ಅರ್ಧ ತೆರೆದಿರುತ್ತದೆ. ಅದು ವಿಗ್ಗುಗಳ ದಿನ. ಶಾಲೆಯ ನಾಟಕದವರು, ಮೇಳದವರು, ಆಸ್ಪತ್ರೆಯಲ್ಲಿ ಚಿಕಿತ್ಸೆಯಿಂದ ಕೂದಲು ಹೋದ ಹೆಂಗಸರು, ಎಲ್ಲರೂ ಬರುತ್ತಾರೆ. ಹೆಂಗಸರಿಗಾಗಿ ಒಳಗಡೆ ಒಂದು ಪರದೆ ಕಟ್ಟಿದ್ದಾರೆ. ಮಾಮನ ಹೆಂಡತಿ ಅವತ್ತು ಮಧ್ಯಾಹ್ನ ರಜೆ ಹಾಕಿ ಪರದೆಯ ಹಿಂದೆ ನಿಲ್ಲುತ್ತಾರೆ. ಒಳಗಿನಿಂದ ಹೆಚ್ಚಾಗಿ ಕೇಳಿಸುವುದು ನಗು.

ಮೊನ್ನೆ ಭಾನುವಾರ ನಾನು ಹೋದಾಗ ಬೆಂಚು ತುಂಬಿತ್ತು. ನನ್ನ ಪಕ್ಕದಲ್ಲಿ ಆರೇಳು ವರ್ಷದ ಒಬ್ಬಳು ಪುಸ್ತಕ ಹಿಡಿದು ಕೂತಿದ್ದಳು. ಕುರ್ಚಿ ಖಾಲಿಯಾಯಿತು. ಮಾಮ ಬಟ್ಟೆ ಕೊಡವಿ ಅವಳನ್ನು ಕರೆದರು. ಅವಳು ತಲೆಯೆತ್ತದೆ ನನ್ನ ಕಡೆ ಬೆರಳು ತೋರಿಸಿ ಅಂದಳು:

"ಇವರು ಹೋಗ್ಲಿ ಮಾಮ. ನಂಗೆ ಇನ್ನೂ ಎರಡು ಪುಟ ಇದೆ."